ಯಾರಿಕ್ಕಿದ ಮದ್ದು

ಮೊದಲ ನೀಲಿ ಮಚ್ಚೆ ಕಂಡದ್ದು ಎಡ ಮುಂಗೈಯಲ್ಲಿ, ಬಳೆಗಳ ಕೆಳಗೆ. ಹಿತ್ತಿಲಲ್ಲಿ ಮುಖ ತೊಳೆಯುವಾಗ ಬಳೆ ಹಿಂದೆ ಸರಿದು ಕಣ್ಣಿಗೆ ಬಿತ್ತು. ಎಲ್ಲೋ ತಗುಲಿರಬೇಕು ಎಂದುಕೊಂಡೆ. ಸ್ವಲ್ಪ ದಿನಕ್ಕೆ ತೊಡೆಯ ಮೇಲೆ ಇನ್ನೊಂದು ಎದ್ದಿತು, ಅಂಗೈಯಗಲದ್ದು, ನೇರಳೆಹಣ್ಣು ಜಜ್ಜಿದ ಬಣ್ಣದ್ದು. ದಿನವೆಲ್ಲ ಹಾಸಿಗೆಯಲ್ಲಿರುವವಳ ತೊಡೆಗೆ ಏನು ತಗುಲೀತು? ಒತ್ತಿ ನೋಡಿದೆ. ನೋವಿರಲಿಲ್ಲ. ನೋವಿಲ್ಲದ್ದೇ ನನ್ನನ್ನು ಹೆದರಿಸಿತು.

ನಾನು ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಊರಿನವರಿಗೆ ಮೇಷ್ಟ್ರಮ್ಮ, ಮನೆಯವರಿಗೆ ನೀಲ. ಹುಟ್ಟಿದಾಗಿನಿಂದ ಸಂಶಯದವಳು. ಅಂಗಡಿಯವನು ತೂಗುವಾಗ ತಕ್ಕಡಿಯ ಮುಳ್ಳು ನೋಡುತ್ತೇನೆ. ಮಗು ಹೊಟ್ಟೆನೋವು ಎಂದು ಅತ್ತರೆ ಮಗ್ಗಿ ಕಲಿತು ಬಂದಿದ್ದೀಯ ಎಂದು ಮೊದಲು ಕೇಳುತ್ತೇನೆ. ಇದನ್ನು ನಾನು ದೋಷವೆಂದು ತಿಳಿದಿಲ್ಲ. ಹೆಣ್ಣಾಗಿ ಹುಟ್ಟಿ ಹೊರಗೆ ಹೋಗಿ ದುಡಿಯುವವಳಿಗೆ ಅದು ಬೇಕು. ಈಗ ನಾನು ನುಂಗುವಂಥ ಮಾತ್ರೆಯನ್ನೇ ನುಂಗುವವರು ನಮ್ಮ ಸೀಮೆಯಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರೆಂದು ಡಾಕ್ಟರು ಹೇಳಿದರು. ಅವರ ಮೈಮೇಲೆ ಇಂಥ ಮಚ್ಚೆ ಎದ್ದಾಗ ಮನೆಯಲ್ಲಿ ಯಾರ ಮೇಲೆ ಕಣ್ಣು ಬೀಳುತ್ತದೋ ಏನೋ. ಆ ಯೋಚನೆ ಬಂದಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ನನ್ನ ತವರು ಉಮ್ಮತ್ತೂರು. ಚಿಕ್ಕವಳಿದ್ದಾಗ ಕೀಲುಗಳೆಲ್ಲ ಊದಿ ಬಹಳ ದಿನ ಜ್ವರ ಬಂದಿತ್ತು. ಜ್ವರ ಹೋಯಿತು, ಆದರೆ ಹೋಗುವಾಗ ಗುಂಡಿಗೆಯ ಒಂದು ಕದವನ್ನು ಕಿರಿದು ಮಾಡಿ ಹೋಯಿತು ಎಂದು ಮುಂದೆ ಡಾಕ್ಟರು ಹೇಳಿದರು. ಮದುವೆಯಾದ ಮೇಲೆ ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮಕ್ಕಳಾಗುವುದು ಬೇಡ, ಜೀವಕ್ಕೆ ಅಪಾಯ ಎಂದರು. ಆಮೇಲೆ ಬೆಳಗ್ಗೆ ಎದ್ದರೆ ಮುಖ ಊದಿರುತ್ತಿತ್ತು. ಕಿಡ್ನಿ ಸೋತಿದೆ ಎಂದು ಊಟದಿಂದ ಉಪ್ಪನ್ನು ತೆಗೆಸಿದರು. ಹೀಗೆ ಒಂದೊಂದೇ ಬಿಟ್ಟುಕೊಡುತ್ತ ಬದುಕಿದ್ದೆ. ದೀಪಾವಳಿ ಕಳೆದ ಹೊಸತರಲ್ಲಿ ತರಗತಿಯಲ್ಲಿ ನಿಂತಿದ್ದಾಗ ಬಲಗಾಲು ಇದ್ದಕ್ಕಿದ್ದಂತೆ ಕಲ್ಲಿನಂತೆ ತಣ್ಣಗಾಯಿತು. ಹುಡುಗಿಯರ ಮುಂದೆಯೇ ಕುಸಿದೆ. ಬಸ್ಸಿನಲ್ಲಿ ಚಾಮರಾಜನಗರ, ಅಲ್ಲಿಂದ ರೈಲಿನಲ್ಲಿ ಮೈಸೂರು. ಗುಂಡಿಗೆಯೊಳಗೆ ರಕ್ತ ಗರಣೆಗಟ್ಟಿ ಅದರದೊಂದು ಚೂರು ಕಾಲಿಗೆ ಬಂದು ಕೂತಿದೆ ಎಂದರು ಅಲ್ಲಿಯವರು. ಕಾಲು ಉಳಿಯಿತು. ಮನೆಗೆ ಕಳಿಸುವಾಗ ಒಂದು ಹೊಸ ಮಾತ್ರೆ ಕೊಟ್ಟರು.

"ಇದು ರಕ್ತವನ್ನ ತೆಳ್ಳಗೆ ಇಡುತ್ತೆ. ಆಗಾಗ ಇಲ್ಲಿಗೆ ಬಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ತಪ್ಪಿಸಬೇಡಿ."

ಅಷ್ಟೇ ಹೇಳಿದ್ದು. ಹಿಂದಿರುಗುವಾಗ, ಮೊದಲಿನಿಂದ ನನ್ನನ್ನು ನೋಡುತ್ತಿದ್ದ ಚಾಮರಾಜನಗರದ ಡಾಕ್ಟರಿಗೆ ಚೀಟಿ ತೋರಿಸಿದೆ. ಅವರು ವಯಸ್ಸಾದವರು, ಮಾತು ಕಡಿಮೆ. ಕನ್ನಡಕ ಹಣೆಗೆ ಏರಿಸಿ ಚೀಟಿಯನ್ನು ಎರಡು ಸಲ ಓದಿದರು.

"ಹೃದಯಕ್ಕೆ ಇದು ಬೇಕೇ ಬೇಕು. ಕಿಡ್ನಿ ಸರಿಯಿಲ್ಲದವರಿಗೆ ಇದನ್ನ ಕೊಡೋಕೆ ಭಯ. ಎರಡೂ ನಿಮಗೇ ಬಂದಿವೆಯಲ್ಲಮ್ಮ."

ಡಾಕ್ಟರ ಬಾಯಲ್ಲಿ ಭಯ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ಬರುವಾಗಲೆಲ್ಲ ಅದೇ ಯೋಚನೆ. ಇವರಿಗೆ ಗೊತ್ತಿಲ್ಲದ ಮದ್ದನ್ನು ನನ್ನ ಮೇಲೆ ಹಾಕಿ ನೋಡುತ್ತಿದ್ದಾರೆಯೇ?

ಮನೆಯಲ್ಲಿ ಆಗ ನಾವು ನಾಲ್ವರು. ನಮ್ಮ ಯಜಮಾನರಿಗೆ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ. ಅವರ ಅಕ್ಕ ದೇವಮ್ಮ, ಬಹಳ ಹಿಂದೆಯೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ನಾನೂ ಅಕ್ಕ ಎಂದೇ ಕರೆಯುವುದು. ಅಡುಗೆಮನೆ ಪೂರ್ತಿ ಅವರದು. ನಾನು ಶಾಲೆಗೆ ಹೋಗಲು ಸಾಧ್ಯವಾಗಿದ್ದರೆ ಅದು ಅವರಿಂದಲೇ. ನಾಲ್ಕನೆಯವಳು ನನ್ನ ಅವ್ವ. ಕಾಲಿನ ಸುದ್ದಿ ಕೇಳಿದವಳೇ ಉಮ್ಮತ್ತೂರಿನಿಂದ ಗಂಟು ಕಟ್ಟಿಕೊಂಡು ಬಂದು ನನ್ನ ಹಾಸಿಗೆಯ ಪಕ್ಕ ಕೂತುಬಿಟ್ಟಿದ್ದಳು. ಮಾಗಿಯ ಚಳಿಗೆ ನನ್ನ ಕೀಲುಗಳು ಹಿಡಿದುಕೊಳ್ಳುತ್ತಿದ್ದವು. ಅವ್ವ ಬಂದಮೇಲೆ ನೋವು ಎಷ್ಟೋ ಇಳಿದಿತ್ತು. ಹೆತ್ತವಳ ಕೈಗುಣ ಎಂದುಕೊಂಡಿದ್ದೆ.

ತೊಡೆಯ ಮಚ್ಚೆಯನ್ನು ಅವ್ವ ನೋಡಿದ್ದು ನನಗೆ ಎಣ್ಣೆ ಹಚ್ಚುವಾಗ. ಅವಳ ಕೈ ನಿಂತಿತು.

"ಇದೇನವ್ವ ಇದು?"

"ಗೊತ್ತಿಲ್ಲ."

"ನಂಗೊತ್ತದೆ," ಎಂದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಮ್ಮೂರ ಕೆಳಗಲ ಬೀದೀಲಿ ಒಬ್ಬ ಸೊಸೆಗೆ ಇಂಗೇ ಎದ್ದಿತ್ತು. ಮದ್ದು ಕಣವ್ವ ಇದು. ಯಾರೋ ನಿಂಗೆ ಮದ್ದಿಕ್ಕವ್ರೆ."

ನಮ್ಮ ಕಡೆ ಡಾಕ್ಟರು ಕೊಡುವುದೂ ಮದ್ದೇ, ಆಗದವರು ಅನ್ನದಲ್ಲಿ ಬೆರೆಸಿ ಇಕ್ಕುತ್ತಾರೆಂದು ಜನ ನಂಬುವ ವಿಷವೂ ಮದ್ದೇ. ಯಾವುದನ್ನು ಹೇಳುತ್ತಿದ್ದಾರೆ ಎಂಬುದು ದನಿಯಿಂದ ತಿಳಿಯಬೇಕು. ಅವ್ವನ ದನಿ ತಿಳಿಯಿತು.

"ಯಾರಿಕ್ತಾರೆ, ಸುಮ್ಮನಿರು," ಎಂದೆ.

"ಅನ್ನ ಯಾರಿಕ್ತಾರೋ ಅವ್ರೇ ಇಕ್ಕದು. ಮಾತ್ರೆ ಯಾರ ಕೈಲಿ ಇಸ್ಕೊಂಡು ನುಂಗ್ತೀಯೆ? ಬೇಗೂರಿನ ಹುಡುಗಿ ಮಾತು ಮರ್ತುಬುಟ್ಯಾ?"

ಮರೆತಿರಲಿಲ್ಲ. ನನಗೆ ಮಕ್ಕಳಾಗುವುದಿಲ್ಲ ಎಂದು ಖಚಿತವಾದ ವರ್ಷ ದೇವಮ್ಮಕ್ಕ ತಮ್ಮನ ಹತ್ತಿರ ಒಂದು ಮಾತು ಎತ್ತಿದ್ದರು. ಅವರ ಗಂಡನ ಕಡೆಯ ಒಬ್ಬ ಹುಡುಗಿ ಬೇಗೂರಿನಲ್ಲಿದ್ದಾಳೆ, ಗುಣವಂತೆ, ನೀಲಳ ಒಪ್ಪಿಗೆ ಪಡೆದೇ ಮಾಡಿಕೊಂಡರೆ ವಂಶ ಉಳಿಯುತ್ತದೆ ಎಂದು. ಯಜಮಾನರು ಆ ಮಾತನ್ನು ಅಲ್ಲಿಗೇ ಮುರಿದರು. ನಾನು ನಡುಮನೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡಿದ್ದೇನೆಂದು ಅಕ್ಕನಿಗೂ ಗೊತ್ತಿತ್ತು. ಆ ಬಗ್ಗೆ ನಾವಿಬ್ಬರೂ ಎಂದೂ ಆಡಲಿಲ್ಲ.

ನಾನು ಅವ್ವನ ಮಾತನ್ನು ನಂಬಲಿಲ್ಲ. ಹಾಗೆಂದು ತಳ್ಳಿಹಾಕಲೂ ಇಲ್ಲ. ಸಂಶಯದವರು ಮಾಡುವುದು ಹಾಗೆಯೇ, ಕಾದು ನೋಡುತ್ತಾರೆ. ಅಡುಗೆಮನೆಯ ಬಾಗಿಲಿಗೆ ಎದುರಾಗಿ ಹಾಸಿಗೆ ಹಾಕಿಸಿಕೊಂಡೆ. ಅಕ್ಕ ಮುದ್ದೆ ತೊಳಸುವುದನ್ನು, ನನ್ನ ಸಪ್ಪೆ ಸಾರನ್ನು ಬೇರೆ ಪಾತ್ರೆಗೆ ಬಗ್ಗಿಸುವುದನ್ನು, ಗೂಡಿನಿಂದ ಮಾತ್ರೆಯ ಡಬ್ಬಿ ತೆಗೆಯುವುದನ್ನು ಮಲಗಿದಲ್ಲಿಂದಲೇ ನೋಡುತ್ತಿದ್ದೆ. ಅವರ ಸೆರಗಿನ ತುದಿಯಲ್ಲಿ ಏನಾದರೂ ಗಂಟು ಇದೆಯೇ ಎಂದೂ ನೋಡಿದೆ. ವಿಭೂತಿ ಬಿಟ್ಟು ಏನೂ ಇರಲಿಲ್ಲ.

ಒಂದು ದಿನ ಹಲ್ಲುಪುಡಿ ಉಗುಳಿದರೆ ಅದು ಕೆಂಪಗಿತ್ತು. ಅವತ್ತಿನಿಂದ ಅವ್ವ ಹಿತ್ತಿಲಲ್ಲಿ ಬೇರೆ ಒಲೆ ಹೂಡಿದಳು. ಗಂಜಿ, ಕಾಫಿ, ನೀರು, ಎಲ್ಲ ಅವಳ ಕೈಯದೇ. ಅಕ್ಕ ತಟ್ಟೆ ಹಿಡಿದು ಬಂದಾಗ ಅವ್ವ ಬಾಗಿಲಲ್ಲೇ ತಡೆದಳು.

"ಬ್ಯಾಡಿ. ಅವಳ್ದು ನಾನೇ ನೋಡ್ಕತೀನಿ."

ದೇವಮ್ಮಕ್ಕ ನನ್ನತ್ತ ನೋಡಿದರು. ನಾನು ಗೋಡೆಯ ಕಡೆ ತಿರುಗಿಕೊಳ್ಳಲಿಲ್ಲ, ಅವರನ್ನೇ ನೋಡಿದೆ. ಅವರು ಏನಾದರೂ ಹೇಳಲಿ ಎಂದು ಕಾದೆ. ಏನೂ ಹೇಳದೆ ತಟ್ಟೆಯನ್ನು ಹಿಂದಕ್ಕೆ ಒಯ್ದರು. ತಪ್ಪಿಲ್ಲದವರಾದರೆ ಜಗಳವಾಡುತ್ತಿದ್ದರು ಎಂದು ಆಗ ಅನ್ನಿಸಿತು. ಜಗಳವಾಡಿದ್ದರೆ ತಪ್ಪಿದೆ, ಅದಕ್ಕೇ ಕೂಗಾಡುತ್ತಾರೆ ಅನ್ನಿಸುತ್ತಿತ್ತೋ ಏನೋ. ಸಂಶಯದ ಕಣ್ಣಿಗೆ ಎಲ್ಲವೂ ಸಾಕ್ಷಿಯೇ.

ಯಜಮಾನರು ಅಂಗಡಿಯಿಂದ ಬಂದು ಎರಡು ಒಲೆ ಕಂಡು ನಿಂತರು. "ನಮ್ಮಕ್ಕ ನನ್ನ ಎತ್ತಿ ಆಡ್ಸಿದೋಳು. ಅಂಗೆಲ್ಲ ಅನ್ಬೇಡಿ ಅತ್ತೆ," ಎಂದರು. ಅವ್ವ, "ನಾನೆಲ್ಲಿ ಏನಂದೆ? ನನ್ ಮಗೀಗೆ ನಾನ್ ಬೇಯಿಸ್ತೀನಿ ಅಂದೆ," ಎಂದಳು. ಆದರೆ ಬಾವಿಕಟ್ಟೆಯಲ್ಲಿ ಅವಳು ಅಂದಿದ್ದಳು. ವಾರ ತುಂಬುವುದರೊಳಗೆ ನಮ್ಮ ಬೀದಿಯ ಯಾರೂ ದೇವಮ್ಮಕ್ಕನ ಕೈಯಿಂದ ಒಂದು ಲೋಟ ಮಜ್ಜಿಗೆಯನ್ನೂ ಇಸಿದುಕೊಳ್ಳುವಂತಿರಲಿಲ್ಲ.

ಆಗ ನನಗೆ ಅರ್ಥವಾಗದ ಸಂಗತಿಯೊಂದು ಆಯಿತು. ಅಕ್ಕನ ಅಡುಗೆ ನಿಂತಮೇಲೆ ಮಚ್ಚೆಗಳು ಕಡಿಮೆಯಾಗಬೇಕಿತ್ತು. ಹೆಚ್ಚಾದವು. ಹೊಟ್ಟೆಯ ಮೇಲೆ, ಬೆನ್ನ ಮೇಲೆ, ಅವ್ವ ಎತ್ತಿ ಕೂರಿಸಲು ಹಿಡಿದ ತೋಳಿನ ಮೇಲೆ ಅವಳ ಬೆರಳುಗಳ ಗುರುತು. ಹಾಗಾದರೆ ಮಾತ್ರೆಯಲ್ಲೇ ಏನೋ ಇದೆ ಎಂದು ಡಬ್ಬಿಯನ್ನು ತರಿಸಿ ದಿಂಬಿನ ಕೆಳಗೆ ಇಟ್ಟುಕೊಂಡೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಮೂಸಿದೆ. ಎಲ್ಲವೂ ಒಂದೇ ತರಹ ಇದ್ದವು. ಬದಲಾಯಿಸಿದ ಗುರುತಿಲ್ಲ. ಮೈಸೂರಿನವರು ಕೊಟ್ಟದ್ದೇ ಇದು ಎಂದಾದರೆ ತಪ್ಪು ಮೈಸೂರಿನವರದು. ಅವರದಲ್ಲ ಎಂದಾದರೆ? ಪರೀಕ್ಷೆಗೆ ಹೋಗುವ ದಿನ ಹತ್ತಿರ ಬಂದಿತ್ತು. ನಿಶ್ಶಕ್ತಿಯ ನೆಪ ಹೇಳಿ ಮುಂದಕ್ಕೆ ಹಾಕಿದೆ. ನನ್ನ ರಕ್ತವನ್ನು ಅವರ ಕೈಗೆ ಕೊಡುವುದಕ್ಕೂ ಈಗ ಮನಸ್ಸಿರಲಿಲ್ಲ.

ಬಂದ ದಿನದಿಂದಲೂ ಅವ್ವ ಎರಡು ಹೊತ್ತೂ ಬೆಲ್ಲದ ಕಾಫಿ ಮಾಡಿಕೊಡುತ್ತಿದ್ದಳು. ಬೆಲ್ಲ ಸ್ವಲ್ಪ ಮುಂದಾಗಿಯೇ ಇರುತ್ತಿತ್ತು. ಮೈಯಲ್ಲಿ ಕಸುವಿಲ್ಲದವಳಿಗೆ ಇರಲಿ ಎಂದು ಹಾಕುತ್ತಾಳೆ ಎಂದುಕೊಂಡು ಕುಡಿಯುತ್ತಿದ್ದೆ.

ತೆರಕಣಾಂಬಿಯ ಹತ್ತಿರ ಮದ್ದು ಕಕ್ಕಿಸುವ ಹೆಂಗಸೊಬ್ಬಳಿದ್ದಾಳೆ ಎಂದು ಅವ್ವನಿಗೆ ಯಾರೋ ಹೇಳಿದರು. ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸುತ್ತಾಳೆ, ಹೊಟ್ಟೆಯಲ್ಲಿ ಅಂಟಿಕೊಂಡ ಮದ್ದು ಉಂಡೆಯಾಗಿ ಬೀಳುತ್ತದೆ ಎಂದು. ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲೇ ಆ ಊರು. "ಡಾಕ್ಟರ ತಾವ ಓಯ್ತೀವಿ ಅನ್ನು. ದಾರೀಲಿ ಇಳ್ಕಂಡು ನೋಡನ," ಎಂದಳು. ನಾನು ಒಪ್ಪಿದೆ. ಓದಿದವಳು ಹೇಗೆ ಒಪ್ಪಿದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ. ಓದಿದವರು ಕೊಟ್ಟ ಮಾತ್ರೆಯನ್ನು ನಾನು ಆಗ ಅಷ್ಟೇ ಸಂಶಯದಿಂದ ನೋಡುತ್ತಿದ್ದೆ.

ಆ ಮನೆಯ ಜಗಲಿಯಲ್ಲಿ ಜನ ಕಾದು ಕೂತಿದ್ದರು. ಆಸ್ಪತ್ರೆಯಲ್ಲಿ ಕೂತ ಹಾಗೆಯೇ. ಅದೇ ಬತ್ತಿದ ಮುಖ, ಅದೇ ಮಾತಿಲ್ಲದ ಕೂರುವಿಕೆ, ಅದೇ ಒಬ್ಬರ ಕಾಯಿಲೆಯನ್ನು ಇನ್ನೊಬ್ಬರು ಕದ್ದು ನೋಡುವುದು. ಒಂದು ವ್ಯತ್ಯಾಸವಿತ್ತು. ಇಲ್ಲಿ ಪ್ರತಿಯೊಬ್ಬರಿಗೂ ತಮ್ಮ ಕಾಯಿಲೆಯ ಹೆಸರು ಗೊತ್ತಿತ್ತು. ಅತ್ತೆ, ನಾದಿನಿ, ದಾಯಾದಿ, ಸವತಿ.

ನನಗಿಂತ ಮುಂದೆ ಒಬ್ಬ ಗಂಡಸು. ಅವನಿಗೆ ಹಸಿರು ರಸ ಕುಡಿಸಿದರು. ಅಂಗಳದಲ್ಲಿ ಕೂತು ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದ. ಆ ಹೆಂಗಸು ಬಗ್ಗಿ, ಕೈಯಾಡಿಸಿ, ಕೂದಲು ಸುತ್ತಿಕೊಂಡ ಒಂದು ಕರಿ ಉಂಡೆಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಜನ ಉಶ್ ಎಂದರು. ನಾನು ಎದ್ದು ಹತ್ತಿರ ಹೋಗಿ ನೋಡಿದೆ. ಅವಳ ಬೆರಳೆಲ್ಲ ಒದ್ದೆ. ಉಂಡೆ ಮಾತ್ರ ಒಣಗಿತ್ತು.

ನನ್ನ ಸರದಿ ಬಂದಾಗ ಹೇಳಿದೆ, "ಕುಡೀತೀನಿ. ಮೊದಲು ಎರಡು ಕೈನೂ ಬಿಚ್ಚಿ ತೋರಿಸವ್ವ. ಸೆರಗನ್ನೂ ಒದರು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಂಬ್ಕೆ ಇಲ್ದೋರ್ಗೆ ನಾನ್ ಕಕ್ಕಸಕಿಲ್ಲ. ಎದ್ ಓಗು," ಎಂದಳು.

ಅವ್ವನಿಗೆ ಮಾನ ಹೋದ ಹಾಗಾಯಿತು. "ಏನ್ ಮಗಳಪ್ಪ ನೀನು. ಅವ್ರ್ ಕಾಲ್ ಇಡ್ಕೊ," ಎಂದು ನನ್ನ ತೋಳು ಜಗ್ಗಿದಳು. ನಾನು ಬಿಡಿಸಿಕೊಂಡು ಹೊರಗೆ ಬಂದೆ. ಬಿಸಿಲು ಚುರುಗುಟ್ಟುತ್ತಿತ್ತು. ಮೂಗಿನಿಂದ ಏನೋ ಇಳಿದ ಹಾಗಾಯಿತು. ಒರೆಸಿಕೊಂಡೆ. ಮತ್ತೆ ಇಳಿಯಿತು. ನೋಡಿದರೆ ಸೆರಗೆಲ್ಲ ರಕ್ತ.

ಅದು ನಿಲ್ಲಲಿಲ್ಲ. ತಲೆ ಮೇಲೆತ್ತಿದರೆ ಗಂಟಲಿಗೆ ಇಳಿಯುತ್ತಿತ್ತು, ಬಗ್ಗಿಸಿದರೆ ನೆಲಕ್ಕೆ. ಜಗಲಿಯ ಮೇಲಿದ್ದ ಯಾರೋ, "ಮದ್ದು ಏರ್ಬುಟ್ಟದೆ, ಇನ್ನಾಗದಿಲ್ಲ," ಎಂದದ್ದು ಕೇಳಿಸಿತು. ಅವ್ವ ಆಗ ಅಳಲಿಲ್ಲ. ನನ್ನನ್ನು ಸೊಂಟದಲ್ಲಿ ಆನಿಸಿಕೊಂಡು ರಸ್ತೆಗೆ ಬಂದು ಬರುತ್ತಿದ್ದ ಬಸ್ಸಿಗೆ ಅಡ್ಡ ನಿಂತಳು. ಕಂಡಕ್ಟರು ನನ್ನ ಸೆರಗು ನೋಡಿ ಮುಂದಿನ ಸೀಟು ಖಾಲಿ ಮಾಡಿಸಿದ. ಪಕ್ಕದಲ್ಲಿದ್ದ ಮುಸಲ್ಮಾನರ ಹೆಂಗಸೊಬ್ಬರು ತಮ್ಮ ಗಂಟಿನಿಂದ ಒಗೆದ ಪಂಚೆಯನ್ನು ತೆಗೆದು ಹರಿದು ಹರಿದು ಕೊಡುತ್ತ ಬಂದರು. "ಒತ್ತಿ ಇಡ್ಕೊಳ್ಳಿ ಅಮ್ಮ, ಬಾಯಲ್ಲಿ ಉಸ್ರಾಡಿ," ಎಂದರು. ಹೆಸರು ಕೇಳಲು ಆಗಲಿಲ್ಲ. ಆ ದಿನದ ನೆನಪಿನಲ್ಲಿ ನಾನು ಯಾರ ಮೇಲೂ ಸಂಶಯಪಡದೆ ಕೂತಿದ್ದ ಹೊತ್ತು ಅದೊಂದೇ. ಬಸ್ಸು ನಿಲ್ದಾಣಕ್ಕೆ ಹೋಗದೆ ನೇರವಾಗಿ ಆಸ್ಪತ್ರೆಯ ಗೇಟಿಗೆ ಹೋಗಿ ನಿಂತಿತು.

ಡಾಕ್ಟರು ಮೂಗಿಗೆ ಬಟ್ಟೆಯ ಪಟ್ಟಿ ತುರುಕಿದರು. ರಕ್ತ ಹೆಪ್ಪುಗಟ್ಟಲೆಂದು ಒಂದು ಇಂಜೆಕ್ಷನ್ ಕೊಟ್ಟರು. ತೋಳು, ಹೊಟ್ಟೆ, ಬೆನ್ನು ಎಲ್ಲ ನೋಡಿ ಸ್ಟೂಲಿನ ಮೇಲೆ ಕೂತರು.

"ಮಾತ್ರೆ ಹೇಳಿದಷ್ಟೇ ತಗೊಂಡಿದ್ದೀರಾ?"

ತಲೆಯಾಡಿಸಿದೆ.

"ಬೇರೆ ಏನಾದರೂ? ನಾಟಿ ಔಷಧಿ, ಕಷಾಯ?"

ಇಲ್ಲ ಎಂದು ಕೈಯಾಡಿಸಿದೆ.

"ಕೀಲುನೋವು ಹೇಗಿದೆ? ಚಳಿಗಾಲದಲ್ಲಿ ಬಹಳ ಇರುತ್ತೆ ಅಂದಿದ್ದಿರಿ. ಅದಕ್ಕೇನು ಮಾಡ್ತೀರಿ?"

ಏನೂ ಇಲ್ಲ, ಈಗ ನೋವೇ ಇಲ್ಲ ಎಂದು ಬಾಯಿಂದ ಹೇಳುವಷ್ಟರಲ್ಲಿ ಅವ್ವ ಮುಂದೆ ಬಂದಳು. ಅವಳ ಮುಖದಲ್ಲಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಒಂದು ಸಮಾಧಾನ ಕಂಡಿತು. ತನಗೆ ಉತ್ತರ ಗೊತ್ತಿರುವ ಪ್ರಶ್ನೆಯೊಂದು ಸಿಕ್ಕಿತಲ್ಲ ಎಂಬ ಹಾಗೆ.

"ನೋವಿಗೆ ನಾನ್ ಕೊಡ್ತಾವ್ನಿ ಸ್ವಾಮಿ. ಸಂತೇಲಿ ಮಾರ್ತಾರಲ್ಲ, ಆ ಪುಡಿ. ಇವ್ಳು ಬ್ಯಾಡ ಅಂತಾಳೆ, ಅದ್ಕೆ ಕಾಫೀಲಿ ಕದಡಿ ಕೊಡ್ತೀನಿ. ಎರಡೊತ್ತೂ. ನೋವೇ ಇಲ್ಲ ಈಗ."

ಎಲೆಯಡಿಕೆ ಚೀಲದಿಂದ ಒಂದು ಪೊಟ್ಟಣ ತೆಗೆದು ಕೊಟ್ಟಳು. ಡಾಕ್ಟರು ಬಿಚ್ಚಿ, ನಾಲಿಗೆಯ ತುದಿಗೆ ಒಂದಿಷ್ಟು ತಾಗಿಸಿ ನೋಡಿ, ಮತ್ತೆ ಮಡಿಸಿದರು.

"ಇದು ಆಸ್ಪಿರಿನ್ ಜಾತಿದು," ಎಂದರು. "ರಕ್ತ ತೆಳ್ಳಗೆ ಮಾಡೋ ಮಾತ್ರೆ ಜೊತೆ ಇದು ಕೂಡದು. ಇದೂ ರಕ್ತಾನ ನಿಲ್ಲೋಕೆ ಬಿಡಲ್ಲ. ಕಿಡ್ನಿ ಸರಿಯಿದ್ದಿದ್ದರೂ ಕಷ್ಟವಾಗುತ್ತಿತ್ತು. ನಿಮಗೆ ಮೂರೂ ಸೇರಿಬಿಟ್ಟಿವೆ."

ಅವ್ವನಿಗೆ ಅರ್ಥವಾಗಲು ತಡವಾಯಿತು. ಅರ್ಥವಾದದ್ದು ನನಗೆ ಗೊತ್ತಾಯಿತು. ಯಾಕೆಂದರೆ ಅವಳು ಎಲೆಯಡಿಕೆ ಚೀಲವನ್ನು ಮಂಚದ ಕೆಳಗೆ ಇಟ್ಟು, ಅದರಿಂದ ದೂರ ಸರಿದು ಗೋಡೆಗೆ ಒರಗಿದಳು.

ನಾನು ಡಾಕ್ಟರನ್ನೇ ನೋಡುತ್ತಿದ್ದೆ. ಮೂಗು ಕಟ್ಟಿದ ದನಿಯಲ್ಲಿ ಕೇಳಿದೆ, "ನೋವಿನ ಪುಡಿ ತಗೋಬಾರದು ಅಂತ ಮೈಸೂರಲ್ಲಿ ಯಾರೂ ಹೇಳಲಿಲ್ಲ. ನೀವೂ ಹೇಳಲಿಲ್ಲ. ಯಾಕೆ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೇಳಬೇಕಿತ್ತು. ಈ ಮಾತ್ರೆ ನನಗೂ ಹೊಸದಮ್ಮ. ಹೃದಯದ ಯೋಚನೆ ಮಾಡಿದೆ, ಕಿಡ್ನಿ ಯೋಚನೆ ಮಾಡಿದೆ. ಸಂತೆ ಯೋಚನೆ ಮಾಡಲಿಲ್ಲ."

ಆ ಉತ್ತರವನ್ನು ನಾನು ಇಂದಿಗೂ ಗೌರವಿಸುತ್ತೇನೆ. ಅವರ ಮೇಲಿನ ಸಂಶಯ ಅವತ್ತೇ ಹೋಯಿತು ಎಂದು ಹೇಳಲಾರೆ. ಆದರೆ ಅವರನ್ನು ಪ್ರಶ್ನೆ ಕೇಳಬಹುದು ಎಂಬ ಧೈರ್ಯ ಅವತ್ತು ಬಂತು.

ಮರುದಿನ ಮಧ್ಯಾಹ್ನ ಯಜಮಾನರ ಜೊತೆ ದೇವಮ್ಮಕ್ಕ ಬಂದರು. ಯಜಮಾನರು ಹಿಂದಿನ ಸಂಜೆಯೇ ಸುದ್ದಿ ತಿಳಿದು ಬಂದು, ಡಾಕ್ಟರ ಹತ್ತಿರ ಮಾತಾಡಿ, ಅಕ್ಕನಿಗೆ ಎಲ್ಲ ಹೇಳಿದ್ದರು. ವಾರ್ಡಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಅವ್ವ ಎದ್ದು ನಿಂತಳು. ಅಕ್ಕ ತಂದಿದ್ದ ಸಪ್ಪೆ ಗಂಜಿಯನ್ನು ನನ್ನ ಪಕ್ಕದಲ್ಲಿಟ್ಟರು. ಆಮೇಲೆ ಅವ್ವನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ನಾನು ಮದ್ದಿಕ್ಕೋಳು ಅಂತ ಬೀದಿಗೆಲ್ಲ ಗೊತ್ತಾಯ್ತು. ನೀವ್ ಇಕ್ಕಿದ್ದು ಯಾರಿಗ್ ಗೊತ್ತಾಯ್ತದೆ?"

ಯಜಮಾನರು ಕಿಟಕಿಯ ಕಡೆ ನೋಡಿದರು. ನಾನು ಗಂಜಿ ಕುಡಿದೆ. ಅದನ್ನು ಬಿಟ್ಟು ಆ ಹೊತ್ತಿನಲ್ಲಿ ನನ್ನಿಂದ ಮಾಡಬಹುದಾದದ್ದು ಬೇರೇನೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಬಹಳ ದಿನ ಇದ್ದೆ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಹಳದಿ ಚರ್ಮದೊಳಗೆ ಕರಗಿತು. ಮಾತ್ರೆ ನಿಲ್ಲಿಸಿದ್ದರು. ಆಗ ಬೇರೆ ಹೆದರಿಕೆ ಶುರುವಾಯಿತು. ಬೆಳಗ್ಗೆ ಎದ್ದೊಡನೆ ಎರಡೂ ಪಾದಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ, ತಣ್ಣಗಾಗಿವೆಯೇ ಎಂದು. ಈ ಸಲ ಚೂರು ಮಿದುಳಿಗೆ ಹೋದರೆ? ಡಾಕ್ಟರನ್ನು ಕೇಳಿದೆ. ಹೋಗಬಹುದು ಎಂದರು. ಮಾತ್ರೆ ಮತ್ತೆ ಶುರು ಮಾಡಿದರೆ ಮತ್ತೆ ರಕ್ತ ಸೋರಬಹುದೇ ಎಂದೆ. ಅದೂ ಆಗಬಹುದು ಎಂದರು.

"ಇನ್ನೊಂದು ವಿಷಯ ಹೇಳ್ತೀನಿ. ಬೇರೆಯವರಿಂದ ಕೇಳಿ ನೀವು ಬೆಚ್ಚೋದು ಬೇಡ. ಈ ಜಾತಿ ಔಷಧಿಯನ್ನೇ ಪರದೇಶದಲ್ಲಿ ಇಲಿ ಕೊಲ್ಲೋಕೆ ಇಡ್ತಾರೆ. ಇಲಿ ತಿಂದು ಒಳಗೇ ರಕ್ತ ಸೋರಿ ಸಾಯುತ್ತೆ."

ಅವ್ವ ಅಲ್ಲೇ ಇದ್ದಳು. "ನಾನೇಳ್ನಿಲ್ವಾ ಮದ್ದು ಅಂತ," ಎಂದು ತನಗೆ ತಾನೇ ಅಂದುಕೊಂಡಳು. ಅವಳ ಮಾತು ಸುಳ್ಳಾಗಿರಲಿಲ್ಲ.

ನಾನು ಒಂದು ದಿನವೆಲ್ಲ ಯೋಚಿಸಿದೆ. ಇಲಿಯ ವಿಷ ಎಂದು ಮುಚ್ಚಿಡದೆ ಹೇಳಿದ ಮನುಷ್ಯ, ಹೇಳದೆ ಕೊಟ್ಟವರಿಗಿಂತ ವಾಸಿ ಎನ್ನಿಸಿತು. ಮೈಸೂರಿನವರನ್ನೂ ವಿಚಾರಿಸಿ, ಮೊದಲಿಗಿಂತ ಅರ್ಧ ಮಾತ್ರೆ, ಪರೀಕ್ಷೆ ಮೊದಲಿಗಿಂತ ಬೇಗ ಬೇಗ ಎಂದು ತೀರ್ಮಾನವಾಯಿತು. ಒಪ್ಪಿಕೊಂಡೆ. ಅದು ನಂಬಿಕೆಯಲ್ಲ. ಎರಡು ಅಪಾಯಗಳಲ್ಲಿ ನಾನು ಕಣ್ಣಿಟ್ಟು ಕಾಯಬಹುದಾದದ್ದನ್ನು ಆರಿಸಿಕೊಂಡೆ. ಮಚ್ಚೆ ಕಣ್ಣಿಗೆ ಕಾಣುತ್ತದೆ. ಗರಣೆ ಕಾಣುವುದಿಲ್ಲ.

ಗುಂಡ್ಲುಪೇಟೆಗೆ ಹಿಂದಿರುಗಿದ ಬೆಳಗ್ಗೆ ಅವ್ವ ಬಿಂದಿಗೆ ತೆಗೆದುಕೊಂಡು ಬಾವಿಕಟ್ಟೆಗೆ ಹೋದಳು. ನಮ್ಮ ಜಗಲಿಯಿಂದ ಬಾವಿ ಕಾಣುತ್ತದೆ, ಮಾತೂ ಕೇಳುತ್ತದೆ. ನಾಲ್ಕಾರು ಹೆಂಗಸರು ಸೇದುತ್ತಿದ್ದರು. ಅವ್ವ ಬಿಂದಿಗೆ ಕೆಳಗಿಟ್ಟಳು.

"ನನ್ ಮಗೀಗೆ ಮದ್ದಿಕ್ಕಿದ್ದು ನಾನು. ಗೊತ್ತಿಲ್ದೆ ಇಕ್ಬುಟ್ಟೆ. ದೇವಮ್ಮ ಇಕ್ಕಿಲ್ಲ. ನಾನು ಅಂದಿದ್ದು ಸುಳ್ಳು. ಎಲ್ರೂ ಕೇಳಸ್ಕಳಿ."

ಹಗ್ಗದ ರಾಟೆ ನಿಂತಿತು. ಆಮೇಲೆ ಒಬ್ಬಳು, "ಆಗ್ಲಿ ಬುಡವ್ವ," ಎಂದಳು. ಅವ್ವ ನೀರು ತುಂಬಿಕೊಂಡು ಈ ಕಡೆ ಬಂದಳು. ಅವಳ ಬೆನ್ನ ಹಿಂದೆ ಅದೇ ಹೆಂಗಸು ಇನ್ನೊಬ್ಬಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಪಾಪ, ಮಗಳ ಸಂಸಾರ ಉಳಸಕ್ಕೆ ತನ್ ಮೇಲೆ ಆಕ್ಕತಾವ್ಳೆ. ಹೆತ್ತೋಳು ಮದ್ದಿಕ್ತಾಳಾ ಎಲ್ಲಾರ."

ಅಡುಗೆಮನೆಯ ಕಿಟಕಿ ಅದೇ ಕಡೆಗೆ ಇದೆ. ದೇವಮ್ಮಕ್ಕನಿಗೂ ಕೇಳಿಸಿರಬೇಕು. ಊಟದ ಹೊತ್ತಿಗೆ ಅವ್ವನಿಗೂ ತಟ್ಟೆ ಹಾಕಿದರು. ಅವ್ವ ಉಂಡಳು. ಮಾರನೆಯ ದಿನ ಉಮ್ಮತ್ತೂರಿಗೆ ಹೊರಟುಹೋದಳು. ಈಗಲೂ ಬಂದರೆ ಕಾಫಿ ಮಾಡುವುದಿಲ್ಲ. ನಾನು ಕೇಳಿದರೂ ಮಾಡುವುದಿಲ್ಲ.

ಬೀದಿಯವರಲ್ಲಿ ಕೆಲವರು ಈಗ ದೇವಮ್ಮಕ್ಕನ ಕೈಯಿಂದ ಇಸಿದುಕೊಳ್ಳುತ್ತಾರೆ. ಕೆಲವರು ಇಂದಿಗೂ ಲೋಟವನ್ನು ಹಿಡಿದುಕೊಂಡು ಮಾತಾಡುತ್ತಾರೆ, ಕುಡಿಯುವುದಿಲ್ಲ. ನನ್ನ ಮೈಮೇಲಿನ ನೀಲಿ ಹೋದಷ್ಟು ಸುಲಭವಾಗಿ ಆ ಅಪವಾದ ಹೋಗಲಿಲ್ಲ. ಈ ಮಾತ್ರೆ ನುಂಗುವ ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಮಾತು. ಮಚ್ಚೆ ಕಂಡ ದಿನವೇ ಡಾಕ್ಟರ ಹತ್ತಿರ ಹೋಗಿ. ಬಾಯಿಗೆ ಹೋಗುವ ಪ್ರತಿಯೊಂದನ್ನೂ, ಪ್ರೀತಿಯಿಂದ ಕೊಟ್ಟದ್ದನ್ನೂ ಸೇರಿಸಿ, ಅವರ ಮುಂದಿಡಿ. ಅಷ್ಟು ಮಾಡುವವರೆಗೆ ಮನೆಯವರ ಮುಖವನ್ನು ಸಂಶಯದಿಂದ ನೋಡಬೇಡಿ.

ಮತ್ತೆ ಮೈಸೂರಿಗೆ ಪರೀಕ್ಷೆಗೆ ಹೋಗುವ ದಿನ ಯಜಮಾನರು ಅಂಗಡಿ ಬಿಡುವ ಹಾಗಿರಲಿಲ್ಲ. ನಾನೊಬ್ಬಳೇ ಹೋಗಿಬರುತ್ತೇನೆ ಎಂದು ಹೊರಟಿದ್ದೆ. ನೋಡಿದರೆ ದೇವಮ್ಮಕ್ಕ ಒಗೆದ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರಲೇ ಎಂದೂ ಕೇಳಲಿಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ ನನ್ನ ಪಕ್ಕ ಕೂತು ಹೊರಗೆ ನೋಡುತ್ತ ಬಂದರು. ಆಸ್ಪತ್ರೆಯಲ್ಲಿ ನರ್ಸು ನನ್ನ ತೋಳಿನಿಂದ ರಕ್ತ ತೆಗೆದು, ಹತ್ತಿ ಇಟ್ಟು, ಒತ್ತಿಹಿಡಿಯಲು ಹೇಳಿದಳು. ನಾನು ಕೈ ಎತ್ತುವ ಮೊದಲೇ ಅಕ್ಕನ ಹೆಬ್ಬೆರಳು ಅಲ್ಲಿತ್ತು.

ಜಟಕಾದಲ್ಲಿ ಒತ್ತಿಹಿಡಿದಿದ್ದರು. ಸ್ಟೇಷನ್ನಿನ ಬೆಂಚಿನಲ್ಲೂ ಹಿಡಿದಿದ್ದರು. ರೈಲು ಹೊರಟು ಊರು ದಾಟಿತು.

"ಬಿಡಿ ಅಕ್ಕ. ಆಗಲೇ ನಿಂತಿದೆ," ಎಂದೆ.

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ನೀನೇಳ್ತೀಯೆ ನಿಂತದೆ ಅಂತ. ನಾನ್ ನಂಬಕಿಲ್ಲ ಕಣಮ್ಮಿ," ಎಂದರು. ನಂಜನಗೂಡು ಬರುವವರೆಗೂ ಬೆರಳು ತೆಗೆಯಲಿಲ್ಲ.